ಸೋಮವಾರ ನೊಗ ಹೊರದ ಪ್ಲಗಿನ್

ಬಿಳಿಗೆರೆಯ ಗುರುಮಲ್ಲಪ್ಪ ಒಂಬತ್ತನೇ ಕ್ಲಾಸಿನಲ್ಲಿ ಎರಡು ಸಲ ಕೂತವನು. ಮೂರನೇ ಸಲ ಕೂರಲು ಹೋದಾಗ ಬೆಂಚೇ ಎದ್ದು ನಿಂತು ಕೈ ಮುಗಿಯಿತು ಎಂದು ಅವನೇ ಹೇಳುತ್ತಾನೆ. ಆಮೇಲೆ ನಂಜನಗೂಡಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟ. ಜೆರಾಕ್ಸ್ ಪಕ್ಕದಲ್ಲಿ ಮೂರು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಸೆಂಟರೂ ಮಾಡಿದ. ಮೊದಲನೇ ಕಂಪ್ಯೂಟರನ್ನು ಮೈಸೂರಿಂದ ತರುವಾಗ ಅದಕ್ಕೂ ಒಂದು ಟಿಕೆಟ್ ತೆಗೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದನಂತೆ. ದಾರಿಯಲ್ಲಿ ಅದಕ್ಕೆ ಎರಡು ಸಲ ವಾಂತಿ ಬಂತಂತೆ. ಇದನ್ನೂ ಅವನೇ ಹೇಳುತ್ತಾನೆ.

ಆ ಕಂಪ್ಯೂಟರ್ ಮುಂದೆ ಕೂತು, ಯಾರೋ ಬರೆದ ಕೋಡನ್ನು ಕೆಡಿಸಿ ಸರಿ ಮಾಡಿ, ಕೆಡಿಸಿ ಸರಿ ಮಾಡಿ, ಅವನು ಕೋಡು ಬರೆಯುವುದನ್ನು ಕಲಿತ. ಅವನಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಕೋಡಿನ ಇಂಗ್ಲಿಷು. ಇಫ್, ಎಲ್ಸ್, ರಿಟರ್ನ್. ಊಟಕ್ಕೆ ಕೂತಾಗಲೂ ‘ಇಫ್ ಸಾರು, ಎಲ್ಸ್ ಮಜ್ಜಿಗೆ’ ಎನ್ನುವನು.

ಹೀಗೆ ಕಲಿತವನು 2006ರಲ್ಲಿ ಒಂದು ಪ್ಲಗಿನ್ ಮಾಡಿಬಿಟ್ಟ.

ಪ್ಲಗಿನ್ ಎಂದರೇನು ಎಂದು ಜೆರಾಕ್ಸಿಗೆ ಬಂದವರು ಯಾರಾದರೂ ಕೇಳಿದರೆ ಸಾಕು, ಅವರ ಕೆಲಸ ಅಲ್ಲಿಗೆ ಕೆಟ್ಟಿತು. “ನೊಗ ಒಂದೇ ಕಣಯ್ಯ. ಉಳಬೇಕಾದ್ರೆ ನೇಗ್ಲು ಕಟ್ಟು, ಬಿತ್ಬೇಕಾದ್ರೆ ಕೂರ್ಗೆ ಕಟ್ಟು. ಬ್ಲಾಗ್ ನಡ್ಸೋ ಸಾಫ್ಟ್‌ವೇರು ನೊಗ ಇದ್ದಂಗೆ. ಅದ್ಕೆ ನಾವು ಕಟ್ಟೋ ಸಾಮಾನಿರ್ತದಲ್ಲ, ಅದು ಪ್ಲಗಿನ್ನು. ಜನ ಇಂಗ್ಲಿಸ್ ಅಕ್ಸರದಲ್ಲಿ ಕುಟ್ತಾರೆ, ನನ್ ಪ್ಲಗಿನ್ನು ಅಂಗೇ ತಿರುಗ್ಸಿ ಕನ್ನಡ ಅಕ್ಸರ ಬಿತ್ಕಂಡ್ ಓಯ್ತದೆ. ಸಾಲು ಒಂಚೂರು ಸೊಟ್ಟ ಆಗಲ್ಲ!”

ಅದಕ್ಕೆ ‘ಜೋಡೆತ್ತು’ ಎಂದು ಹೆಸರಿಟ್ಟ. ಅದನ್ನು ಹಾಕಿಕೊಂಡ ಬ್ಲಾಗಿನ ತಳದಲ್ಲಿ ತಾನಾಗಿಯೇ ಒಂದು ಸಾಲು ಬರುವಂತೆ ಮಾಡಿದ: ‘ಈ ಪುಟಕ್ಕೆ ಜೋಡೆತ್ತು ಹೂಡಿದೆ.’ ಮೊದಲು ಹೂಡಿದ್ದು ಅವನ ಹೆಂಡತಿ ಸರ್ವಮಂಗಳಾಳ ಬ್ಲಾಗಿಗೆ. ಅವಳು ನಂಜನಗೂಡಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಸಹಾಯಕಿ. ಬಿಳಿಗೆರೆಯಿಂದ ದಿನಾ ಬಸ್ಸಿನಲ್ಲಿ ಬರುವಾಗ ಕಿವಿಗೆ ಬಿದ್ದ ಮಾತನ್ನೆಲ್ಲ ‘ಕಿಟಕಿ ಸೀಟು’ ಎಂಬ ಬ್ಲಾಗಿನಲ್ಲಿ ಬರೆಯುವಳು. ಗುರುಮಲ್ಲಪ್ಪ ಬೆಳಿಗ್ಗೆ ಅಂಗಡಿ ತೆರೆದು, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಆಮೇಲೆ ‘ಕಿಟಕಿ ಸೀಟಿ’ನ ತಳಕ್ಕೆ ಇಳಿದು ಆ ಒಂದು ಸಾಲು ಓದುವನು. ಊದುಬತ್ತಿ ಮರೆತರೂ ಸಾಲು ಮರೆಯುತ್ತಿರಲಿಲ್ಲ. ಲೋಕದಲ್ಲಿ ಯಾರು ಬಿಟ್ಟರೂ ಆ ಒಂದು ಪುಟ ತನ್ನದು, ಅಲ್ಲಿ ತನ್ನ ಎತ್ತು ನಡೆಯುತ್ತಿರಬೇಕು. ಅಷ್ಟಿದ್ದರೆ ಅವನಿಗೆ ಎದೆ ಇಷ್ಟಗಲ.

ಜೋಡೆತ್ತಿಗೆ ಒಂದು ವಿಶೇಷವಿತ್ತು. ಸೋಮವಾರ ಅದು ಕೆಲಸ ಮಾಡುತ್ತಿರಲಿಲ್ಲ.

ಕೆಟ್ಟಿದ್ದಲ್ಲ. ಬೇಕೆಂದೇ ಹಾಗೆ ಬರೆದಿದ್ದ. ಅವನ ಅಪ್ಪ, ಅಪ್ಪನ ಅಪ್ಪ, ಆ ಸೀಮೆಯ ಯಾವ ಬೇಸಾಯಗಾರನೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟವನಲ್ಲ. ಅವತ್ತು ಬಸವನ ದಿನ. ಎತ್ತಿಗೆ ಮೈ ತೊಳೆದು ಮೇವು ಹಾಕಿ ಬಿಡುವ ದಿನ. ಹಾಗಿರುವಾಗ ವಾರವೆಲ್ಲ ಅಕ್ಷರ ಎಳೆಯುವ ಜೋಡೆತ್ತಿಗೆ ಒಂದು ದಿನ ರಜ ಕೊಡದಿದ್ದರೆ ಹೇಗೆ? ಸೋಮವಾರವಾದರೆ ರಿಟರ್ನ್, ಅಂದರೆ ಕೆಲಸ ಮಾಡದೆ ಹಿಂದಿರುಗು, ಎಂದು ಒಂದೇ ಒಂದು ಸಾಲು ಬರೆದ. ತಾನೂ ಸೋಮವಾರ ಅಂಗಡಿ ತೆರೆಯುತ್ತಿರಲಿಲ್ಲ. ಊರಲ್ಲೇ ಇದ್ದು ಎತ್ತುಗಳ ಮೈ ಉಜ್ಜುವನು.

ಕೆಲವರು ಇಮೇಲ್ ಬರೆಯುತ್ತಿದ್ದರು: ‘ಸೋಮವಾರ ಪ್ಲಗಿನ್ ಕೆಲಸ ಮಾಡುತ್ತಿಲ್ಲ.’ ಗುರುಮಲ್ಲಪ್ಪ ಮಂಗಳವಾರ ಬಂದು ಸಂತೋಷದಿಂದ ಉತ್ತರ ಬರೆಯುವನು: ‘ಹೌದು, ಮಾಡುವುದಿಲ್ಲ. ಗಮನಿಸಿದ್ದಕ್ಕೆ ಧನ್ಯವಾದ.’

2007ರ ಯುಗಾದಿಯ ಹೊತ್ತಿಗೆ ಆರುನೂರ ನಲವತ್ತು ಬ್ಲಾಗುಗಳಿಗೆ ಜೋಡೆತ್ತು ಹೂಡಿತ್ತು. ಗುರುಮಲ್ಲಪ್ಪನ ಬಾಯಲ್ಲಿ ಅದು ಆರು ಸಾವಿರದ ನಾನೂರು. ದುಬೈನಲ್ಲಿ ಒಬ್ಬರು ಜೋಡೆತ್ತಿನಲ್ಲಿ ‘ಅವ್ವ’ ಎಂದು ಬರೆದಾಗ ಮರಳುಗಾಡಿನಲ್ಲಿ ಮಳೆ ಬಂತಂತೆ.

ಆಷಾಢದಲ್ಲಿ ಅವನ ಹೊಟ್ಟೆಗೆ ಕಿಚ್ಚು ಬಿತ್ತು.

ಪ್ಲಗಿನ್‌ಗಳ ಪಟ್ಟಿ ಇರುವ ಪುಟದಲ್ಲಿ ಜೋಡೆತ್ತಿನ ಕೆಳಗೆ ಒಂದು ಹೊಸ ಹೆಸರು ಬಂದಿತ್ತು. ‘ಸಂಗಮ. ಕನ್ನಡ ಬರೆಯುವ ಪ್ಲಗಿನ್. ಮಾಡಿದವರು: ಯಶೋಧರಾ, ತಿ. ನರಸೀಪುರ.’

ಅಮೆರಿಕದವರು ಮಾಡಿದ್ದರೆ ಗುರುಮಲ್ಲಪ್ಪ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬೆಂಗಳೂರಿನವರು ಮಾಡಿದ್ದರೂ ‘ಮಾಡ್ಕೊಳ್ಲಿ ಬುಡು’ ಎನ್ನುತ್ತಿದ್ದ. ಆದರೆ ನರಸೀಪುರ! ಬಸ್ಸು ಹತ್ತಿ ಒಂದು ನಿದ್ದೆ ತೆಗೆದರೆ ಸಿಕ್ಕುವ ಊರು. ಅದೂ ಹೊಳೆಯ ಕೆಳಗಿನ ಊರು. ನಂಜನಗೂಡಿನಲ್ಲಿ ಕಪಿಲೆ ಎಂದು ಮೆರೆಯುವ ನೀರು ನರಸೀಪುರಕ್ಕೆ ಹೋಗಿ ಕಾವೇರಿಗೆ ಬೀಳುತ್ತದೆ. ಅಲ್ಲಿಂದಾಚೆಗೆ ಕಪಿಲೆ ಎನ್ನುವ ಹೆಸರೇ ಇಲ್ಲ, ಸಮುದ್ರದವರೆಗೂ ಕಾವೇರಿಯೇ. ಆ ಊರಿನವರು ಇಟ್ಟ ಹೆಸರು ನೋಡಿ, ಸಂಗಮ! ಎಷ್ಟು ವರ್ಷದಿಂದ ನೋಡುತ್ತಿದ್ದ ಹೊಳೆಯ ಮೇಲೂ ಅವತ್ತು ಅವನಿಗೆ ಸಿಟ್ಟು ಬಂತು. ಸೇತುವೆ ಮೇಲೆ ನಿಂತು, “ಓಗು, ಓಗು, ಅಲ್ಲಿಗೇ ಓಗು” ಎಂದು ನೀರಿಗೆ ಬೈದ.

ಆಮೇಲೆ ದಿನಾ ಎರಡು ಲೆಕ್ಕ. ಜೋಡೆತ್ತು ಆರುನೂರು, ಸಂಗಮ ನೂರು. ಜೋಡೆತ್ತು ಐನೂರು, ಸಂಗಮ ಇನ್ನೂರು. ಇವನ ಕೊಟ್ಟಿಗೆಯಿಂದ ಒಂದು ಹಗ್ಗ ಬಿಚ್ಚಿದರೆ ಆ ಕೊಟ್ಟಿಗೆಯಲ್ಲಿ ಒಂದು ಹಗ್ಗ ಕಟ್ಟಿದಂತೆ. ಹೊಟ್ಟೆಯುರಿಗೆ ಎಳನೀರು ಕುಡಿದ. ಎಳನೀರು ಹೊಟ್ಟೆಯೊಳಗೆ ಕಾದು ಬಿಸಿನೀರಾಯಿತು ಎಂದು ಅವನೇ ಹೇಳಿಕೊಂಡ.

“ಯಾರೋ ಒಂದೆಣ್ಣು ಪ್ಲಗಿನ್ ಮಾಡುದ್ರೆ ನಿಮಗ್ಯಾಕ್ರೀ ಅಷ್ಟುರಿ?” ಎಂದಳು ಸರ್ವಮಂಗಳಾ.

“ಉರಿ ಯಾರ್ಗೆ? ನನ್ಗಾ? ನಂಗೇನುರಿ? ಅವ್ಳು ಮಾಡಿರೋ ಪುಟದ ಬಣ್ಣ ನೋಡ್ದಾ? ಗಿಣಿ ಹಸ್ರು. ಯಾವನಾದ್ರೂ ಗಿಣಿ ಹಸ್ರು ಬಳೀತಾನಾ?”

“ನಂಗೆ ಚೆನ್ನಾಗೇ ಕಾಣ್ತದಪ್ಪ.”

ಆ ಮಾತು ಅವನ ಎದೆಯಲ್ಲಿ ಮುಳ್ಳಾಡಿದಂತೆ ಆಡಿತು. ಆದರೂ ‘ಕಿಟಕಿ ಸೀಟಿ’ನ ತಳದ ಸಾಲು ಇದ್ದೇ ಇತ್ತಲ್ಲ. ಮಂಗಳವಾರದಿಂದ ಭಾನುವಾರದವರೆಗೆ ದಿನಾ ಬೆಳಿಗ್ಗೆ ಅದನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದ.

ಶ್ರಾವಣದ ಒಂದು ಸೋಮವಾರ ಊರಿನ ಶಿವನಂಜಮ್ಮ ಕೊಟ್ಟಿಗೆಗೇ ಬಂದಳು. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬೇಕು, ಅವತ್ತೇ ಕೊನೆಯ ದಿನ, ಅರ್ಜಿ ಅವನ ಕಂಪ್ಯೂಟರಿನಲ್ಲಿದೆ.

“ಸ್ವಾಮಾರ ನಾನು ಅಂಗ್ಡಿ ತೆಗ್ಯಲ್ಲ ಕಣಕ್ಕ.”

“ಎತ್ತು ಕಟ್ಬ್ಯಾಡ ಕಣಪ್ಪ, ನೀನು ಬಾ. ನಿನ್ನೆಗ್ಲ ಮ್ಯಾಲೇನು ನೊಗ ಇಟ್ಟಾರಾ?”

ಕೈ ಒರೆಸಿಕೊಂಡು ಅವಳ ಜೊತೆ ನಂಜನಗೂಡಿನ ಬಸ್ಸು ಹತ್ತಿದ. ಶಟರ್ ಎತ್ತಿ ಅರ್ಜಿಯ ಪ್ರಿಂಟ್ ತೆಗೆದು ಕೊಟ್ಟು ಶಿವನಂಜಮ್ಮನನ್ನು ಕಳಿಸಿದ. ಕಂಪ್ಯೂಟರ್ ಹೇಗೂ ಆನ್ ಆಗಿತ್ತು. ಬೆರಳು ಅಭ್ಯಾಸದಂತೆ ‘ಕಿಟಕಿ ಸೀಟು’ ತೆರೆದು ತಳಕ್ಕೆ ಇಳಿಯಿತು.

‘ಈ ಪುಟ ಸಂಗಮದಲ್ಲಿ ಮಿಂದಿದೆ.’

ಗುರುಮಲ್ಲಪ್ಪ ಮಾನಿಟರ್ ಒರೆಸಿದ. ಸಾಲು ಅಳಿಸಲಿಲ್ಲ. ಕಣ್ಣು ಒರೆಸಿಕೊಂಡ. ಸಾಲು ಅಲ್ಲೇ ಇತ್ತು. ಮೇಲೆ, ಅವತ್ತೇ ಬರೆದ ಬರಹಕ್ಕೆ ಇಪ್ಪತ್ತು ಜನ ಚಂದದ ಕನ್ನಡದಲ್ಲಿ ಪ್ರತಿಕ್ರಿಯೆ ಬರೆದಿದ್ದರು. ಸೋಮವಾರ! ಹಿಂದಿನ ಸೋಮವಾರದ ಬರಹ ನೋಡಿದ, ಅದಕ್ಕೂ ಹಾಗೆಯೇ. ಅದರ ಹಿಂದಿನದಕ್ಕೂ. ಲೈಬ್ರರಿ ಅಲ್ಲಿಂದ ಐದು ನಿಮಿಷದ ದಾರಿ. ಅವನು ಎರಡು ನಿಮಿಷದಲ್ಲಿ ಹೋದ.

ಸರ್ವಮಂಗಳಾ ಬೀರುವಿನ ಮುಂದೆ ಸ್ಟೂಲಿನ ಮೇಲೆ ನಿಂತು ಪುಸ್ತಕ ಜೋಡಿಸುತ್ತಿದ್ದಳು. ಅವನ ಮುಖ ನೋಡಿ ಇಳಿದಳು.

“ಯಾವಾಗ್ನಿಂದ?” ಎಂದ.

ಏನು ಎಂದು ಅವಳು ಕೇಳಲಿಲ್ಲ. “ಒಂದ್ ತಿಂಗ್ಳಾಯ್ತು.”

“ಒಂದ್ ತಿಂಗ್ಳು! ನನ್ ಕಣ್ ಮುಂದೆ ಜೋಡೆತ್ತು, ನನ್ ಬೆನ್ನಿಂದೆ ಸಂಗಮ!”

“ಮೆಲ್ಲುಗ್ ಮಾತಾಡಿ, ಲೈಬ್ರರಿ ಇದು. ಸ್ವಾಮಾರ ಒಂದಿನ ಅದ್ನ ಆಕ್ತೀನಿ, ಮಂಗ್ಳಾರ ಬೆಳಿಗ್ಗೆ ತೆಗ್ದು ನಿಮ್ದೇ ಆಕ್ತೀನಿ. ಇನ್ನೇನ್ ಮಾಡ್ಲಿ ಏಳಿ? ಸ್ವಾಮಾರ ನಂಜುಂಡೇಶ್ವರನ ದಿನ. ಅವತ್ತು ಬಸ್ನಲ್ಲಿ ಕಾಲಿಡಕ್ಕೆ ಜಾಗ ಇರಲ್ಲ. ಮುಡಿ ಕೊಡೋರು, ಅರಕೆ ಒತ್ತೋರು, ಜಗಳ ಆಡೋರು, ಎಲ್ಲಾ ಅವತ್ತೇ. ವಾರಕ್ಕೊಂದ್ಸಲ ನಂಗೆ ಬರಿಯಕ್ಕೆ ಸುಗ್ಗಿ, ಅವತ್ತೇ ನಿಮ್ಮೆತ್ತು ಮಲೀಕತದೆ!”

“ಅದ್ಕೂ ಒಂದಿನ ರಜ ಬ್ಯಾಡ್ವೇನಮ್ಮಿ?”

“ನಿಮ್ಮೆತ್ತಿಗೆ ರಜ ಕೊಡಿ, ಬ್ಯಾಡ ಅನ್ನಲ್ಲ. ನನ್ ಬಾಯಿಗ್ಯಾಕೆ ರಜ ಕೊಡ್ತೀರಿ?”

ಗುರುಮಲ್ಲಪ್ಪ ಬಂದಷ್ಟೇ ಬೇಗ ಹೊರಟ. ಅಂಗಡಿಗೆ ವಾಪಸ್ ಬಂದು, ಆ ಸಂಗಮದ ಕೋಡನ್ನು ಇಳಿಸಿಕೊಂಡು ಬಿಚ್ಚಿ ಹರಡಿದ. ಇದುವರೆಗೂ ಅದನ್ನು ಮುಟ್ಟಿರಲಿಲ್ಲ, ಮುಟ್ಟಿದರೆ ಮೈಲಿಗೆ ಎನ್ನುವಷ್ಟು ಉರಿ. ಒಳಗೆ ನೋಡಿದರೆ ಕುರ್ಚಿಯಿಂದ ಬೀಳುವುದೊಂದು ಬಾಕಿ.

ತನ್ನ ಕೋಡಿನಲ್ಲಿ ಅವನು ಮನೆಯ ಎತ್ತುಗಳ ಹೆಸರನ್ನೇ ಇಟ್ಟಿದ್ದ. ಇಂಗ್ಲಿಷ್ ಅಕ್ಷರ ಓದುವವನು ಕೆಂಪ, ಕನ್ನಡ ಅಕ್ಷರ ಬಿತ್ತುವವನು ಕರಿಯ. ಸಂಗಮದ ಕೋಡಿನಲ್ಲೂ ಅದೇ ಕೆಂಪ, ಅದೇ ಕರಿಯ, ಒಂದರ ಪಕ್ಕ ಒಂದು ನಿಂತು ತಲೆ ಆಡಿಸುತ್ತಿದ್ದವು.

ಮಂಗಳವಾರ ಬೆಳಿಗ್ಗೆ ತನ್ನ ಕೋಡನ್ನೆಲ್ಲ ಪ್ರಿಂಟ್ ತೆಗೆದ. ನಲವತ್ತೊಂದು ಹಾಳೆ. ಸುತ್ತಿ ಕಂಕುಳಲ್ಲಿಟ್ಟುಕೊಂಡು ನರಸೀಪುರದ ಬಸ್ಸು ಹತ್ತಿದ. ಅವತ್ತು ಅವನ ಹೊಟ್ಟೆಯ ಬಿಸಿಗೆ ಬಸ್ಸಿನ ಸೀಟಿನ ರೆಕ್ಸಿನ್ ಮೆತ್ತಗಾಗಿ, ಇಳಿಯುವಾಗ ಅಂಗಿಗೆ ಅಂಟಿಕೊಂಡು ಬಂತಂತೆ.

ಯಶೋಧರಾ ನರಸೀಪುರದಲ್ಲಿ ಒಂದು ಕಂಪ್ಯೂಟರ್ ತರಬೇತಿ ಸೆಂಟರಿನಲ್ಲಿ ಪಾಠ ಹೇಳುವವಳು. ಅವಳು ಎತ್ತರದ, ಕೋಡು ಮೂಡಿದ, ಗಿಣಿ ಹಸಿರು ಸೀರೆಯ ಹೆಂಗಸಾಗಿರುತ್ತಾಳೆ ಎಂದುಕೊಂಡಿದ್ದ. ನೋಡಿದರೆ ಇಪ್ಪತ್ತೈದರ ಸಣ್ಣ ಹುಡುಗಿ. ತೋಳಿಗೆಲ್ಲ ಸೀಮೆಸುಣ್ಣದ ಪುಡಿ ಬಡಿದುಕೊಂಡು ಬೋರ್ಡು ಒರೆಸುತ್ತಿದ್ದಳು. ಕ್ಲಾಸು ಮುಗಿದಿತ್ತು.

“ನಮ್ಮೆತ್ತು ನಿಮ್ ಕೊಟ್ಗೇಲವೆ!” ಎಂದ ಗುರುಮಲ್ಲಪ್ಪ ಬಾಗಿಲಲ್ಲೇ ನಿಂತು.

ಯಶೋಧರಾ ಹೊರಗೆ ಬೀದಿ ನೋಡಿದಳು. “ನಮ್ಗೆ ಕೊಟ್ಗೆ ಇಲ್ವಲ್ಲ ಅಣ್ಣ.”

“ಕೆಂಪ! ಕರಿಯ! ಗೊತ್ತಿಲ್ವಾ?” ಎಂದು ನಲವತ್ತೊಂದು ಹಾಳೆಯನ್ನೂ ಮೇಜಿನ ಮೇಲೆ ಬಿಚ್ಚಿದ.

ಅವಳ ಮುಖ ಹಬ್ಬದ ಮನೆಯಂತಾಯಿತು. “ಅಯ್ಯೋ! ಗುರುಮಲ್ಲಪ್ಪಣ್ಣನಾ? ಬಿಳಿಗೆರೆಯವ್ರಾ? ಬನ್ನಿ ಬನ್ನಿ, ಕೂತ್ಕಳಿ. ಒಂದ್ ವರ್ಸದಿಂದ ನಿಮ್ ಕೋಡು ಓದ್ಕಂಡೇ ನಾನು ಕಲ್ತಿದ್ದು!”

ಬೈಯಲು ಬಂದವನಿಗೆ ಇದಕ್ಕಿಂತ ತೊಂದರೆ ಇಲ್ಲ. ಬೈಗುಳ ಗಂಟಲಲ್ಲೇ ಕುರ್ಚಿ ಹಾಕಿಕೊಂಡು ಕೂತಿತು. ಯಶೋಧರಾ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು. ಬೇಡ ಎಂದ. ಆಮೇಲೆ ಕುಡಿದ. ಕಾಫಿಯೂ ಚೆನ್ನಾಗಿತ್ತು. ಅದಕ್ಕೂ ಹೊಟ್ಟೆ ಉರಿಯಿತು.

“ಓದಿದ್ದು ಸರಿ ಕಣವ್ವ. ಎತ್ತು ಒಡ್ಕಂಡ್ ಓಗೋದಾ? ಕೇಳ್ದೆ, ಏಳ್ದೆ?”

“ಕೇಳಿದ್ನಲ್ಲ ಅಣ್ಣ.” ಅವಳು ಕಂಪ್ಯೂಟರಿನಲ್ಲಿ ಹಳೆಯ ಇಮೇಲ್ ತೆರೆದಳು. “ಅನ್ನೊಂದು ಸಲ ಬರ್ದೆ. ‘ಸೋಮವಾರ ಪ್ಲಗಿನ್ ಕೆಲಸ ಮಾಡುತ್ತಿಲ್ಲ. ನಾನು ಸರಿ ಮಾಡಿ ಕಳಿಸಲಾ?’ ಅಂತ. ನೋಡಿ ನೀವ್ ಬರ್ದಿರೋದು.”

ಹನ್ನೊಂದು ಸಲವೂ ಉತ್ತರ ಒಂದೇ ಇತ್ತು: ‘ಹೌದು, ಮಾಡುವುದಿಲ್ಲ. ಗಮನಿಸಿದ್ದಕ್ಕೆ ಧನ್ಯವಾದ.’

ಗುರುಮಲ್ಲಪ್ಪ ಇಮೇಲಿನ ಮೊದಲ ಸಾಲಷ್ಟೇ ಓದುವವನು. ಎರಡನೇ ಸಾಲಿನಲ್ಲೂ ಜನ ಏನಾದರೂ ಹೇಳುತ್ತಾರೆ ಎನ್ನುವುದು ಅವತ್ತು ಗೊತ್ತಾಯಿತು.

“ಆಯ್ತು, ನನ್ನೆಸ್ರೆಲ್ಲಿ?” ಎಂದ. ಇದು ಅವನ ಕಡೆಯ ಅಸ್ತ್ರ. “ಎತ್ತು ನನ್ದು, ಎಸ್ರು ನಿನ್ದು. ಕಪಿಲೆ ಇಲ್ಲಿಗ್ ಬಂದು ಎಸ್ರು ಕಳ್ಕತದಲ್ಲ, ಅಂಗೆ!”

ಯಶೋಧರಾ ಸಂಗಮದ ಕೋಡು ತೆರೆದು ತೀರಾ ಮೇಲಕ್ಕೆ ಹೋದಳು. ಅಲ್ಲಿ ಬೂದು ಬಣ್ಣದಲ್ಲಿ ನಾಲ್ಕು ಸಾಲಿತ್ತು. ಬೂದು ಬಣ್ಣದ ಸಾಲುಗಳು ಮನುಷ್ಯರು ಓದಲಿ ಎಂದು ಬರೆಯುವ ಟಿಪ್ಪಣಿ, ಯಂತ್ರ ಅವನ್ನು ದಾಟಿ ಹೋಗುತ್ತದೆ. ಯಂತ್ರವೇ ಓದದ್ದನ್ನು ತಾನೇಕೆ ಓದಲಿ ಎಂದು ಗುರುಮಲ್ಲಪ್ಪನೂ ಇಷ್ಟು ವರ್ಷ ದಾಟಿಕೊಂಡೇ ಹೋಗಿದ್ದ. ಈಗ ಬೆರಳಿಟ್ಟು ಓದಿದ. ಇಂಗ್ಲಿಷ್ ಅಕ್ಷರದಲ್ಲಿ ತನ್ನ ಹೆಸರು, ತನ್ನ ಊರು.

“ಏನಂತ ಬರ್ದಿದ್ದೀಯವ್ವ?”

“‘ಇದು ಬಿಳಿಗೆರೆ ಗುರುಮಲ್ಲಪ್ಪನವರು ಮಾಡಿದ್ದು. ಕೆಂಪ, ಕರಿಯ ಅವರ ಮನೆಯ ಎತ್ತುಗಳು. ನಾನು ಸೋಮವಾರದ ಒಂದು ಸಾಲು ಮಾತ್ರ ತೆಗೆದಿದ್ದೇನೆ’ ಅಂತ. ಅಷ್ಟೇ ಅಣ್ಣ ನನ್ ಕೆಲ್ಸ. ಬ್ಲಾಗಿನ ಸಾಫ್ಟ್‌ವೇರು ಒಸಾದು ಬಂದಾಗ್ಲೆಲ್ಲ ನಿಮ್ ಪ್ಲಗಿನ್ನೂ ಕೆಡ್ತದೆ, ನಂದೂ ಕೆಡ್ತದೆ. ನೀವ್ ಸರಿ ಮಾಡೋಗಂಟ ನಾನು ಉಗುರ್ ಕಚ್ಕಂಡ್ ಕೂತಿರ್ತೀನಿ. ನಿಮ್ದು ಬಂದ್ ಮ್ಯಾಲೆ ತಗಂಡು, ಆ ಸಾಲ್ ತೆಗ್ದು ಬುಡ್ತೀನಿ.”

ಗುರುಮಲ್ಲಪ್ಪ ಹಾಳೆಗಳನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಮೇಲಿಂದ ನೀರು ಬಿಡುವವನು ತಾನೇ ಎನ್ನುವುದು ಒಂದು ಕಡೆ ಸಿಹಿ. ಒಂದೇ ಸಾಲು ತೆಗೆದು ಅರ್ಧ ಊರನ್ನೇ ಕರೆದುಕೊಂಡು ಹೋದಳಲ್ಲ ಎನ್ನುವುದು ಇನ್ನೊಂದು ಕಡೆ ಉರಿ.

“ಒಂದೇ ಮಾಡ್ಬುಡಣ ಅಣ್ಣ,” ಎಂದಳು ಯಶೋಧರಾ. “ಸಂಗಮ ಮುಚ್ಬುಡ್ತೀನಿ. ಜೋಡೆತ್ತೇ ಇರ್ಲಿ. ಒಳ್ಗಡೆ ಒಂದು ಚೌಕ ಇಡಣ, ‘ಸೋಮವಾರ ರಜೆ’ ಅಂತ. ಬೇಕಾದೋರು ಗುರುತು ಆಕ್ಕಳ್ಳಿ, ಬ್ಯಾಡ್ದೋರು ಬುಡ್ಲಿ.”

“ಗುರುತು ಮೊದ್ಲೇ ಆಕಿರ್ಬೇಕು. ಬ್ಯಾಡ್ದೋರು ತೆಗ್ದಾಕ್ಲಿ.”

“ಆಗಲ್ಲ ಅಣ್ಣ. ಜನಕ್ ತೆಗ್ಯಕ್ಕೆ ಗೊತ್ತಾಗಲ್ಲ. ಸ್ವಾಮಾರ ಸ್ವಾಮಾರ ಬರೋ ದೂರ್ಗೆ ಯಾರು ಉತ್ರ ಬರೀತಾರೆ? ನೀವಾ?”

“ಸ್ವಾಮಾರ ನಾನೆಲ್ ಬರೀಲಿ?”

“ಅಂಗಾರೆ ಸ್ವಾಮಾರ ನಾನ್ ಬರೀತೀನಿ. ಮಿಕ್ಕಿದ್ ಆರ್ ದಿನ ನೀವು.”

ಅರ್ಧ ಗಂಟೆ ಹಗ್ಗ ಜಗ್ಗಾಡಿದರು. ಕೊನೆಗೆ ಚೌಕ ಖಾಲಿಯೇ ಇರಲಿ ಎಂದಾಯಿತು. ಆದರೆ ಜೋಡೆತ್ತಿನ ತಳದ ಸಾಲಿನ ಮುಂದೆ ಹೆಸರು ಬರಬೇಕು, ಅದರಲ್ಲಿ ತನ್ನದೇ ಮೊದಲು ಎಂದು ಗುರುಮಲ್ಲಪ್ಪ ಮೇಜು ಕುಟ್ಟಿದ. “ನಿಮ್ದೇ ಮೊದ್ಲು ಅಣ್ಣ, ಮನೆ ಎತ್ತು ನಿಮ್ದಲ್ವಾ,” ಎಂದು ಅವಳು ಒಪ್ಪಿದಳು. ಇಷ್ಟು ಸುಲಭವಾಗಿ ಒಪ್ಪಿದ್ದೂ ಅವನಿಗೆ ಹಿಡಿಸಲಿಲ್ಲ. ಕಷ್ಟಪಟ್ಟು ಗೆಲ್ಲೋಣ ಎಂದು ಬಂದಿದ್ದನಲ್ಲ.

ಗೌರಿ ಹಬ್ಬದ ಹಿಂದಿನ ವಾರ ಹೊಸ ಜೋಡೆತ್ತು ಹೊರಟಿತು. ಬಿಟ್ಟು ಹೋಗಿದ್ದವರೆಲ್ಲ ಹಿಂದಿರುಗಿ, ಹೊಸಬರೂ ಸೇರಿ ಒಟ್ಟು ಸಾವಿರ ದಾಟಿತು. ‘ಸೋಮವಾರ ರಜೆ’ಗೆ ಗುರುತು ಹಾಕಿಕೊಂಡವರು ಇಪ್ಪತ್ತಮೂರು ಜನ. ಗುರುಮಲ್ಲಪ್ಪ ಅದನ್ನು ಇನ್ನೂರ ಮೂವತ್ತು ಎಂದು ಹೇಳುತ್ತಾನೆ.

ಆದರೆ ಎಣಿಸುವುದು ನಿಲ್ಲಲಿಲ್ಲ. ಹಿಂದೆ ಸೋಮವಾರ ಅಂಗಡಿಯ ಮುಖ ನೋಡದವನು, ಈಗ ಸೋಮವಾರ ಮಧ್ಯಾಹ್ನ ಎತ್ತುಗಳ ಮೈ ತೊಳೆದು, ‘ಎಲೆಅಡಿಕೆ ತಂದ್ಬತ್ತೀನಿ’ ಎಂದು ಬಿಳಿಗೆರೆಯಿಂದ ನಂಜನಗೂಡಿಗೆ ಬಸ್ಸು ಹತ್ತುವನು. ಶಟರನ್ನು ಸೊಂಟದವರೆಗೆ ಮಾತ್ರ ಎತ್ತಿ ಬಗ್ಗಿ ಒಳಗೆ ನುಗ್ಗುವನು. ಪೂರ್ತಿ ಎತ್ತಿದರೆ ಅಂಗಡಿ ತೆರೆದಂತಾಗುತ್ತದಲ್ಲ.

ಒಂದು ಸೋಮವಾರ ಊಟದ ಬಿಡುವಿನಲ್ಲಿ ಸರ್ವಮಂಗಳಾ ಆ ಬೀದಿಯಲ್ಲಿ ಬಂದಳು. ಅರ್ಧ ಎತ್ತಿದ ಶಟರ್ ಕೆಳಗೆ ಎರಡು ಪರಿಚಯದ ಕಾಲು ಕಂಡವು. ಬಗ್ಗಿ ಒಳಗೆ ಬಂದಳು.

ಗುರುಮಲ್ಲಪ್ಪ ಕಂಪ್ಯೂಟರ್ ಮುಂದೆ ಬೆರಳು ಮಡಿಸುತ್ತಿದ್ದ. “ಬಾ ಇಲ್ಲಿ, ನೋಡಮ್ಮಿ. ಆರ್ ದಿನ ಬೆನ್ ಮುರ್ಕಂಡ್ ಉತ್ರ ಬರ್ದಿದ್ದೀನಿ. ನಂಗೆ ಬಂದಿರೋ ‘ಧನ್ಯವಾದ’ ಏಳು. ಅವ್ಳು ಇವತ್ ಒಂದ್ ಬೆಳಿಗ್ಗೆ ಬರ್ದಿದ್ದಾಳೆ, ಅದ್ನಾಲ್ಕು! ಅದ್ರಲ್ಲೊಬ್ಬ ‘ಮೇಡಂ, ನೀವು ದೇವರು’ ಅಂದವ್ನೆ. ಜೋಡೆತ್ತು ಉಟ್ಟಿಸ್ದೋನ್ಗೆ ಒಬ್ನಾದ್ರೂ ದೇವ್ರು ಅಂದವ್ನಾ?”

“ನಾನ್ ಅಂದಿದ್ದೀನಲ್ಲ.”

“ಯಾವಾಗ?”

“‘ಅಯ್ಯೋ ದೇವ್ರೇ’ ಅಂತ ದಿನಾ ಅಂತೀನಿ, ನಿಮ್ ಮುಖ ನೋಡ್ಕಂಡು.” ಅವಳು ಅವನ ಹೆಗಲ ಮೇಲಿಂದ ಕೈ ಚಾಚಿ ‘ಕಿಟಕಿ ಸೀಟು’ ತೆರೆದು, ತಳಕ್ಕೆ ಇಳಿಸಿದಳು. “ಓದಿ.”

‘ಈ ಪುಟಕ್ಕೆ ಜೋಡೆತ್ತು ಹೂಡಿದೆ. ಹೂಡಿದವರು: ಗುರುಮಲ್ಲಪ್ಪ, ಯಶೋಧರಾ.’

“ಸ್ವಾಮಾರನೂ ನಿಮ್ಮೆತ್ತೇ ನಡೀತಾವೆ ನನ್ ಪುಟ್ದಲ್ಲಿ. ಸಾಕಾ?”

ಅವನು ಸಾಲನ್ನು ನೋಡಿದ. ತನ್ನ ಹೆಸರು ನೋಡಿ ಎದೆ ಇಷ್ಟಗಲವಾಯಿತು. ಅದರ ಮುಂದಿನ ಹೆಸರು ನೋಡಿ ಅರ್ಧ ಕುಗ್ಗಿತು. “ಅವ್ಳೆಸ್ರು ನನ್ನೆಸ್ರುಕಿಂತ ಒಂಚೂರು ದಪ್ಪಕ್ಕೆ ಕಾಣಲ್ವಾ ನಿಂಗೆ?”

ಸರ್ವಮಂಗಳಾ ಹಣೆ ಚಚ್ಚಿಕೊಂಡಳು. “ಎತ್ತಿಗೆ ಸ್ವಾಮಾರ ರಜ, ಅಂಗ್ಡಿಗೆ ಸ್ವಾಮಾರ ರಜ. ಈ ನಿಮ್ಮೊಟ್ಟೆಕಿಚ್ಗೆ ಒಂದಿನ ರಜ ಇಲ್ವೇನ್ರೀ?”

ಗುರುಮಲ್ಲಪ್ಪ ಮಾನಿಟರಿಗೆ ಇನ್ನೂ ಹತ್ತಿರಕ್ಕೆ ಬಗ್ಗಿ, ಎರಡು ಹೆಸರಿನ ಮೇಲೂ ಬೆರಳಿಟ್ಟು ಅಳತೆ ಮಾಡುತ್ತ ಹೇಳಿದ:

“ಅದು ಎತ್ತಲ್ಲ ಕಣಮ್ಮಿ, ಆಲ್ ಕರಿಯೋ ಅಸ. ಸ್ವಾಮಾರ ಅಂತ ಬುಟ್ರೆ ಕೆಚ್ಚಲು ಬಾತ್ಕತದೆ.”